ತಗ್ಗಿದ ದನಿ

ಕೆಲವು ತಿಂಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನಾ ಕಾರ್ಯಕ್ರಮವನ್ನು ಏರ್ಪಡಿಸಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳೆಲ್ಲ ಮುಗಿದ ಮೇಲೆ ಮಾತಿನ ಸರದಿ ಬಂತು. 1994ರ ತಂಡದವನೊಬ್ಬ, ಈಗ ಅವನದೇ ತಲೆ ಅರ್ಧ ನರೆತಿದೆ, ಮೈಕು ಹಿಡಿದು ನನ್ನ ಅನುಕರಣೆ ಮಾಡಿದ. "ಹಿಂದಿನ ಬೆಂಚು! ಎದ್ದು ನಿಲ್ಲು!" ಎಂದು ಅವನು ಕೂಗಿದ ರಭಸಕ್ಕೆ ಧ್ವನಿವರ್ಧಕವೇ ಕಿರ್ರೆಂದಿತು. ಸಭೆಯಲ್ಲಿ ಅರ್ಧ ಜನ ಬಿದ್ದು ಬಿದ್ದು ನಕ್ಕರು. ಉಳಿದವರು, ಎಂದರೆ 2006ರಿಂದೀಚೆಗೆ ನನ್ನ ಬಳಿ ಓದಿದವರು, ಏನೂ ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಆಮೇಲೆ 2011ರ ತಂಡದ ಹೆಣ್ಣುಮಗಳೊಬ್ಬಳು ಎದ್ದು, "ನಮ್ಮ ಮೇಡಂ ಎಂದೂ ದನಿ ಏರಿಸಿದವರೇ ಅಲ್ಲ. ಅವರ ಪಾಠ ಕೇಳಬೇಕಾದರೆ ನಾವೇ ಮುಂದಕ್ಕೆ ಬಾಗಿ ಕೂರಬೇಕಾಗಿತ್ತು" ಎಂದಳು. ಈಗ ಮುಖ ಮುಖ ನೋಡಿಕೊಳ್ಳುವ ಸರದಿ ಮೊದಲಿನವರದಾಯಿತು!

ಊಟದ ಪಂಕ್ತಿಯಲ್ಲಿ ಎರಡೂ ತಂಡದವರು ನನ್ನನ್ನು ಸುತ್ತುವರಿದು ಕೇಳಿದರು: "ಮೇಡಂ, ಯಾವುದು ನಿಜ?" ಎರಡೂ ನಿಜ ಎಂದು ಹೇಳಿ ನಕ್ಕು ಸುಮ್ಮನಾದೆ. ಎಲೆಯ ಮುಂದೆ ಕುಳಿತು ಹೇಳುವಷ್ಟು ಚಿಕ್ಕ ಕಥೆ ಅದಾಗಿರಲಿಲ್ಲ. ಇಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದನ್ನು ಇಂದು ನಡೆಸಿಕೊಡುತ್ತಿದ್ದೇನೆ. ಈ ಕಥೆಯಲ್ಲಿ ನನ್ನ ಗಂಟಲಿನ ಬೇನೆಯಿದೆ, ಒಬ್ಬ ಆಂಗ್ಲ ಗಾಯಕನ ಧ್ವನಿಮುದ್ರಿಕೆಯಿದೆ, ಬೆಂಗಳೂರಿನ ಅರಮನೆ ಮೈದಾನದ ಒಂದು ಸಂಜೆಯಿದೆ. ಜೊತೆಗೆ, ನಾನು ಇದುವರೆಗೆ ಯಾರಿಗೂ ಹೇಳದ ಒಂದು ತಪ್ಪೂ ಇದೆ.

ನಮ್ಮ ಶಾಲೆ ಕೋಲಾರದ ಚಿನ್ನದ ಗಣಿಗಳ ಸಮೀಪದ್ದೆಂದು ನಿಮಗೆಲ್ಲ ಗೊತ್ತೇ ಇದೆ. ತರಗತಿಯೊಂದರಲ್ಲಿ ಎಪ್ಪತ್ತು ಮಕ್ಕಳು. ಮನೆಯಲ್ಲಿ ತಮಿಳೋ ತೆಲುಗೋ ಆಡುವ, ಶಾಲೆಯಲ್ಲಿ ಕನ್ನಡ ಕಲಿಯುವ, ಇಂಗ್ಲಿಷೆಂದರೆ ಬೆದರುವ ಮಕ್ಕಳು. ನಾನು ಇಂಗ್ಲಿಷ್ ಕಲಿಸುವವಳು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ, ಪಕ್ಕದ ಕೋಣೆಯಲ್ಲಿ ಮಗ್ಗಿ ನಡೆಯುತ್ತಿರುವಾಗ, ಹಿಂದಿನ ಬೆಂಚಿಗೆ ಕೇಳಿಸಬೇಕಾದರೆ ಕೂಗಲೇಬೇಕು. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು, ಕಪ್ಪುಹಲಗೆಯ ಮೇಲೆ ನೇರವಾಗಿ ಬರೆಯುವುದನ್ನು ಕಲಿಸಿದ್ದರು. ಗಂಟಲನ್ನು ಹೇಗೆ ಬಳಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಕೂಗಿದೆ. ಕೂಗುವುದೇ ಶಿಸ್ತು ಎಂದು ನಂಬಿದ್ದೆ.

2004ರ ಮಳೆಗಾಲದಲ್ಲಿ ದನಿ ಒಡೆಯತೊಡಗಿತು. ಬೆಳಗಿನ ಮೊದಲ ಅವಧಿಗೆ ಇದ್ದ ದನಿ ಮೂರನೆಯ ಅವಧಿಗೆ ಕರ್ಕಶವಾಗುತ್ತಿತ್ತು. ಸಂಜೆಗೆ ಬರಿಯ ಗಾಳಿ. ಶುಂಠಿ, ಜ್ಯೇಷ್ಠಮಧು, ಮೆಣಸಿನ ಕಷಾಯ ಎಲ್ಲವೂ ಆಯಿತು. ಕೊನೆಗೆ ಬೆಂಗಳೂರಿನಲ್ಲಿ ಗಂಟಲಿನ ತಜ್ಞರು ಒಳಗೆ ನಳಿಗೆಯಿಳಿಸಿ ನೋಡಿ, ಸ್ವರತಂತುಗಳ ಮೇಲೆ ಎರಡು ಗಂಟುಗಳು ಎದ್ದಿವೆಯೆಂದರು. ಶಿಕ್ಷಕರಿಗೆ, ಗಾಯಕರಿಗೆ, ಬೀದಿಯಲ್ಲಿ ಕೂಗಿ ಮಾರುವವರಿಗೆ ಬರುವ ಬೇನೆಯಂತೆ. ಅಂಗೈಯಲ್ಲಿ ಗುದ್ದಲಿ ಹಿಡಿದವರಿಗೆ ದಡ್ಡು ಕಟ್ಟುವಂತೆ, ಕೂಗುವವರ ಗಂಟಲೂ ದಡ್ಡು ಕಟ್ಟುತ್ತದೆ ಎಂದು ಅವರು ವಿವರಿಸಿದರು. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಮೊದಲು ಪೂರ್ಣ ಮೌನ, ಆಮೇಲೆ ಮಾತಿನ ಅಭ್ಯಾಸ. "ಪಿಸುಮಾತೂ ಆಡಕೂಡದು. ಅದರಿಂದಲೂ ಗಂಟಲಿಗೆ ಶ್ರಮವೇ. ಹಳೆಯಂತೆ ಕೂಗಿದರೆ ಮತ್ತೆ ಇಲ್ಲಿಗೇ ಬರುತ್ತೀರಿ" ಎಂದರು.

ದಸರೆಯ ರಜೆಗೆ ಕೆಲವು ವಾರಗಳ ವೈದ್ಯಕೀಯ ರಜೆಯನ್ನು ಸೇರಿಸಿ ಮನೆಯಲ್ಲಿ ಕುಳಿತೆ. ಸ್ಲೇಟು ಬಳಪ ಹಿಡಿದು "ಉಪ್ಪು ಕಡಿಮೆ", "ಹಾಲಿನವನಿಗೆ ದುಡ್ಡು ಕೊಡಿ" ಎಂದು ಬರೆದು ತೋರಿಸುತ್ತಿದ್ದೆ. ಯಜಮಾನರಿಗೆ ಮೊದಲ ಎರಡು ದಿನ ಇದು ವಿನೋದವಾಗಿತ್ತು. ಮೂರನೆಯ ದಿನ ಅವರೂ ಮಂಕಾದರು. ನನಗಂತೂ ನಲವತ್ತೈದನೆಯ ವಯಸ್ಸಿಗೇ ಬದುಕು ಮುಗಿದಂತಾಗಿತ್ತು. ದನಿಯಿಲ್ಲದ ಮೇಷ್ಟ್ರಿಗೆ ಶಾಲೆಯಲ್ಲಿ ಏನು ಕೆಲಸ? ಸ್ವಯಂನಿವೃತ್ತಿಯ ಅರ್ಜಿಯ ಒಕ್ಕಣೆಯನ್ನು ಅದೇ ಸ್ಲೇಟಿನ ಮೇಲೆ ಬರೆದು ಅಳಿಸಿದ್ದೂ ಉಂಟು.

ಮೌನದಲ್ಲಿ ಕುಳಿತವರಿಗೆ ಹಳೆಯ ಮಾತುಗಳೆಲ್ಲ ಕೇಳಿಸತೊಡಗುತ್ತವೆ. ನನಗೆ ಮತ್ತೆ ಮತ್ತೆ ಕೇಳಿಸಿದ್ದು 2001ರ ಒಂದು ತರಗತಿ. ಆ ವರ್ಷದ ಫೆಬ್ರುವರಿ ಕೊನೆಗೆ ಚಿನ್ನದ ಗಣಿಗಳು ಮುಚ್ಚಿದ್ದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಕೆಲಸ ನೂರಿಪ್ಪತ್ತೊಂದು ವರ್ಷಕ್ಕೆ ನಿಂತುಹೋಯಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಗಣಿಯ ಕೆಲಸ ಕಳೆದುಕೊಂಡವರು. ಹುಡುಗ ಬಹಳ ಮೆತ್ತಗೆ ಮಾತನಾಡುತ್ತಿದ್ದ. ಒಂದು ದಿನ ಇಂಗ್ಲಿಷ್ ಪಾಠವನ್ನು ಓದಲು ಎಬ್ಬಿಸಿದೆ. ಓದಿದ. ನನಗೆ ಕೇಳಿಸಲಿಲ್ಲ. "ಗಟ್ಟಿಯಾಗಿ!" ಎಂದೆ. ಮತ್ತೆ ಓದಿದ. "ಇನ್ನೂ ಗಟ್ಟಿಯಾಗಿ!" ಹೀಗೆ ಆರೇಳು ಬಾರಿ. ಕೊನೆಗೆ, "ಮನೆಯಲ್ಲಿ ಊಟ ಹಾಕುವುದಿಲ್ಲವೇ?" ಎಂದು ನಾನು ಕೂಗಿದೆ. ಎಪ್ಪತ್ತು ಮಕ್ಕಳು ಗೊಳ್ಳೆಂದು ನಕ್ಕರು. ಅವನು ಪುಸ್ತಕ ಮುಚ್ಚಿ ಕುಳಿತ. ಕೆಲಸ ಹೋದ ಮನೆಯ ಮಗುವಿಗೆ ನಾನು ಕೇಳಿದ ಪ್ರಶ್ನೆ ಅದು! ಎರಡು ವಾರದ ಮೇಲೆ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಕುಟುಂಬವೇ ಬೆಂಗಳೂರಿನ ಕಡೆಗೆ ಹೋಯಿತೆಂದು ಆಮೇಲೆ ತಿಳಿಯಿತು. ನನ್ನಿಂದಾಗಿಯೇ ಅವನು ಶಾಲೆ ಬಿಟ್ಟನೆಂದು ಹೇಳಲಾರೆ. ಆದರೆ ಶಾಲೆಯಿಂದ ಅವನು ಕೊನೆಗೆ ಹೊತ್ತುಕೊಂಡು ಹೋದದ್ದು ಆ ನಗೆಯನ್ನೇ.

ದೀಪಾವಳಿಗೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್ ಕೆಲಸದವನು, ಕಾಲೇಜಿನ ದಿನಗಳಿಂದಲೂ ಗಿಟಾರಿನ ಹುಚ್ಚು. ಒಂದು ಸಿ.ಡಿ.ಯನ್ನೂ ಅದನ್ನು ನುಡಿಸುವ ಪುಟ್ಟ ಯಂತ್ರವನ್ನೂ ನನ್ನ ಮಡಿಲಿಗಿಟ್ಟು, "ಅತ್ತೆ, ನೀವೀಗ ಬೈಯೋ ಹಾಗಿಲ್ಲ. ಸುಮ್ನೆ ಕೇಳಿ. ಇವರೂ ನಿಮ್ಮ ಹಾಗೇ ಇಂಗ್ಲಿಷ್ ಮೇಷ್ಟ್ರಾಗಿದ್ದವರು" ಎಂದ. ಸಿ.ಡಿ.ಯ ಹೆಸರು ‘ಶಾಂಗ್ರಿ-ಲಾ’. ಹಾಡಿದವರು ಮಾರ್ಕ್ ನಾಪ್‌ಫ್ಲರ್.

ನನ್ನ ಸಂಗೀತವೆಂದರೆ ಆಕಾಶವಾಣಿಯ ಭಾವಗೀತೆಗಳು, ರಾಮನವಮಿಯ ಕಛೇರಿಗಳು. ರಾಕ್ ಸಂಗೀತವೆಂದರೆ ಕಿವಿಗಡಚಿಕ್ಕುವ ಗದ್ದಲವೆಂದೇ ತಿಳಿದಿದ್ದೆ. ಆದರೆ ಶಾಂಗ್ರಿ-ಲಾ ಎಂಬ ಹೆಸರು ನನಗೆ ಪರಿಚಿತವಾಗಿತ್ತು. ಜೇಮ್ಸ್ ಹಿಲ್ಟನ್ 1933ರಲ್ಲಿ ಬರೆದ ‘ಲಾಸ್ಟ್ ಹೊರೈಜನ್’ ಕಾದಂಬರಿಯಲ್ಲಿ ಬರುವ, ಮುಪ್ಪು ಬಲು ತಡವಾಗಿ ಬರುವ ಹಿಮಾಲಯದಾಚೆಯ ಕಣಿವೆ ಅದು. ಮಾತಾಡುವ ಹಾಗಿರಲಿಲ್ಲವಾಗಿ, ಬೇಡವೆನ್ನಲೂ ಆಗದೆ ಕೇಳಿದೆ.

ಮೊದಲ ಹಾಡಿನಲ್ಲೇ ಆಶ್ಚರ್ಯ. ಈ ಮನುಷ್ಯ ಕೂಗುತ್ತಿಲ್ಲ! ಅರ್ಧ ಹಾಡು, ಅರ್ಧ ಮಾತು. ಜಗಲಿಯ ಮೇಲೆ ಕುಳಿತ ಹಿರಿಯರೊಬ್ಬರು ಪಕ್ಕದವರಿಗೆ ಊರಿನ ಸಮಾಚಾರ ಹೇಳಿದ ಹಾಗೆ. ಮಂದ್ರಸ್ಥಾಯಿಯನ್ನು ಬಿಟ್ಟು ಮೇಲೇರುವ ಗೋಜಿಗೇ ಹೋಗದ ಒರಟು ದನಿ. ಅವರು ಒಂದು ಸಾಲು ಹೇಳಿ ನಿಲ್ಲಿಸಿದರೆ ಗಿಟಾರು ಅದಕ್ಕೆ ಉತ್ತರ ಕೊಡುತ್ತದೆ. ನನ್ನ ಒಡೆದ ದನಿಗೆ ಆ ದನಿ ನೆಂಟನಂತೆ ಕಂಡಿತು.

ತಮ್ಮನ ಮಗ ಆ ಹಬ್ಬದ ಮೂರು ದಿನಗಳಲ್ಲಿ ನನಗೆ ಅವರ ಚರಿತ್ರೆಯನ್ನೆಲ್ಲ ಹೇಳಿದ. 1949ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜನನ. ತಂದೆ ಹಂಗೇರಿಯಿಂದ ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಬಂದ ಯಹೂದಿ, ವಾಸ್ತುಶಿಲ್ಪಿ. ತಾಯಿ ಶಾಲಾ ಶಿಕ್ಷಕಿ. ಬೆಳೆದದ್ದು ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕಾಸಲ್ ಸೀಮೆಯಲ್ಲಿ, ಕಲ್ಲಿದ್ದಲ ಗಣಿಗಳ ಮತ್ತು ಹಡಗುಕಟ್ಟೆಗಳ ನಾಡಿನಲ್ಲಿ. ಎಡಗೈಯವರಾದರೂ ಗಿಟಾರನ್ನು ಬಲಗೈಯವರಂತೆಯೇ ಹಿಡಿಯುತ್ತಾರೆ. ತಂತಿಯನ್ನು ಮೀಟಲು ಬಿಲ್ಲೆ ಬಳಸುವುದು ಕಡಿಮೆ, ಬೆರಳುಗಳಿಂದಲೇ ಮೀಟುತ್ತಾರೆ. ನಮ್ಮ ವೈಣಿಕರಂತೆ ಎಂದುಕೊಂಡೆ. ಲೀಡ್ಸ್‌ನಲ್ಲಿ ಪತ್ರಿಕೆಯೊಂದರ ಕಿರಿಯ ವರದಿಗಾರರಾಗಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲೇ ಇಂಗ್ಲಿಷ್ ಪದವಿ ಪಡೆದು, ಆಮೇಲೆ ಎಸೆಕ್ಸ್‌ನ ಲೌಟನ್ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಮಾಡಿದವರು. 1977ರಲ್ಲಿ ಗೆಳೆಯರೊಡನೆ ಕಟ್ಟಿದ ತಂಡದ ಹೆಸರು ‘ಡೈರ್ ಸ್ಟ್ರೇಟ್ಸ್’. ಕೈಯಲ್ಲಿ ಕಾಸಿಲ್ಲದ ದುಃಸ್ಥಿತಿಯನ್ನು ತಮಾಷೆಗೆ ಹೇಳಿಕೊಂಡ ಹೆಸರದು. 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾಯಿತು. 1995ರಲ್ಲಿ ಆ ತಂಡವನ್ನು ಮುಗಿಸಿ, 1996ರಿಂದ ತಮ್ಮದೇ ಹೆಸರಿನಲ್ಲಿ ಹಾಡತೊಡಗಿದರು. ‘ಶಾಂಗ್ರಿ-ಲಾ’ ಹಾಗೆ ಬಂದ ನಾಲ್ಕನೆಯ ಹಾಡಿನ ಸಂಕಲನ. 2004ರ ಸೆಪ್ಟೆಂಬರ್ 28ರಂದು ಬಿಡುಗಡೆಯಾದದ್ದು, ಎಂದರೆ ನನ್ನ ಕೈಗೆ ಬಂದಾಗ ಇನ್ನೂ ಬಿಸಿಬಿಸಿ.

ಆಮೇಲೆ ಅವನು ಹೇಳಿದ ಸಂಗತಿ ನನ್ನನ್ನು ಎದ್ದು ಕೂರುವಂತೆ ಮಾಡಿತು. 2003ರ ಮಾರ್ಚ್‌ನಲ್ಲಿ ಲಂಡನ್ನಿನ ಬೀದಿಯಲ್ಲಿ ನಾಪ್‌ಫ್ಲರ್ ಅವರ ಮೋಟಾರ್ ಸೈಕಲ್ ಕಾರೊಂದಕ್ಕೆ ಡಿಕ್ಕಿಯಾಗಿ, ಕೊರಳೆಲುಬು, ಹೆಗಲ ಮೂಳೆ, ಏಳು ಪಕ್ಕೆಲುಬುಗಳು ಮುರಿದವು. ಆ ವರ್ಷ ಹೊರಡಬೇಕಾಗಿದ್ದ ಸಂಗೀತ ಪ್ರವಾಸ ರದ್ದಾಯಿತು. ತಿಂಗಳುಗಟ್ಟಲೆ ಗಿಟಾರನ್ನು ಮೊದಲಿನಂತೆ ಹಿಡಿಯಲಾಗಲಿಲ್ಲ. ವ್ಯಾಯಾಮ ಚಿಕಿತ್ಸೆ ಪಡೆದು, ಚೇತರಿಸಿಕೊಂಡು, ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಕಡಲ ಸಮೀಪವಿರುವ ‘ಶಾಂಗ್ರಿ-ಲಾ’ ಎಂಬ ಧ್ವನಿಮುದ್ರಣ ಶಾಲೆಗೆ ಹೋಗಿ ಈ ಹದಿನಾಲ್ಕು ಹಾಡುಗಳನ್ನು ಮುದ್ರಿಸಿದರು. 1970ರ ದಶಕದಲ್ಲಿ ‘ದ ಬ್ಯಾಂಡ್’ ಎಂಬ ಪ್ರಸಿದ್ಧ ತಂಡ ತನಗಾಗಿ ಮಾಡಿಕೊಂಡಿದ್ದ ತಾಣವದು. ಕೈ ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದ ಗಿಟಾರುವಾದಕ ಒಂದು ಕಡೆ, ಗಂಟಲು ಕಳೆದುಕೊಂಡ ನಾನು ಒಂದು ಕಡೆ. ಹೋಲಿಕೆ ದೊಡ್ಡದಾಯಿತು ಎಂದು ನೀವು ನಗಬಹುದು. ಸ್ಲೇಟು ಹಿಡಿದು ಕುಳಿತವಳಿಗೆ ಅಂದು ಅದು ದೊಡ್ಡದಾಗಿ ತೋರಲಿಲ್ಲ.

ಇಂಥ ಪೆಟ್ಟು ತಿಂದವರು ತಮ್ಮ ನೋವನ್ನೇ ಹಾಡುತ್ತಾರೆಂದು ಕಾದೆ. ಆದರೆ ಈ ಹಾಡುಗಳ ತುಂಬ ಬೇರೆಯವರೇ ಇದ್ದಾರೆ. ಮೀನುಗಾರ ದೋಣಿಯವನೊಬ್ಬ. ಹಾಲಿನ ಪಾನೀಯ ಕಡೆಯುವ ಯಂತ್ರಗಳನ್ನು ಮಾರಿಕೊಂಡಿದ್ದು, 1954ರಲ್ಲಿ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಮೆಕ್‌ಡೊನಾಲ್ಡ್ ಸಹೋದರರ ತಿಂಡಿಯಂಗಡಿಯನ್ನು ಕಂಡು, ಮುಂದೆ ಅದನ್ನೇ ಕೊಂಡುಕೊಂಡು ಜಗತ್ತಿಗೆಲ್ಲ ಹರಡಿದ ರೇ ಕ್ರಾಕ್. ಲೆಕ್ಕವಿಟ್ಟಿರದ ಯಾವುದೋ ತಾರೀಖಿನಲ್ಲಿ ಬಡ ಗೇಣಿದಾರನ ಮನೆಯಲ್ಲಿ ಹುಟ್ಟಿ, ಸೆರೆಮನೆಯಲ್ಲಿ ಮುಷ್ಟಿಕಾಳಗ ಕಲಿತು, 1962ರಲ್ಲಿ ವಿಶ್ವವಿಜೇತನಾದರೂ ಜನರ ಪ್ರೀತಿ ಪಡೆಯದ ಸನ್ನಿ ಲಿಸ್ಟನ್. 2002ರಲ್ಲಿ ತೀರಿಕೊಂಡ ಲಾನಿ ಡೊನೆಗನ್. 1950ರ ದಶಕದಲ್ಲಿ ಬ್ರಿಟನ್ನಿನ ಬಡ ಹುಡುಗರು ಅಗ್ಗದ ಗಿಟಾರು, ಬಟ್ಟೆ ಒಗೆಯುವ ತಗಡಿನ ಹಲಗೆಗಳನ್ನೇ ವಾದ್ಯ ಮಾಡಿಕೊಂಡು ಹಾಡಲು ಪ್ರೇರಣೆಯಾದವರು. ರೇ ಕ್ರಾಕ್‌ನ ಹಾಡನ್ನು ಕ್ರಾಕನೇ ಹೇಳಿಕೊಳ್ಳುತ್ತಾನೆ. ತನ್ನ ಜಾಣತನವನ್ನು ತಾನೇ ಕೊಚ್ಚಿಕೊಳ್ಳುತ್ತ, ತನಗರಿವಿಲ್ಲದೆ ತನ್ನ ಕಠೋರತೆಯನ್ನೂ ಬಿಚ್ಚಿಡುತ್ತಾನೆ. ಗಾಯಕ ನಡುವೆ ಬಂದು ತೀರ್ಪು ಹೇಳುವುದಿಲ್ಲ. ಬಿ.ಎ. ತರಗತಿಯಲ್ಲಿ ಬ್ರೌನಿಂಗ್ ಕವಿಯ ನಾಟಕೀಯ ಸ್ವಗತಗಳನ್ನು ಓದಿದವಳಿಗೆ ಈ ತಂತ್ರ ಥಟ್ಟನೆ ಗುರುತು ಸಿಕ್ಕಿತು. ಇಂಗ್ಲಿಷ್ ಮೇಷ್ಟರ ಕೈಚಳಕ ಹೋಗಿಲ್ಲ ಎಂದು ಸ್ಲೇಟಿನ ಮೇಲೆ ಬರೆದೆ. ತಮ್ಮನ ಮಗ ನಕ್ಕ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಮೊದಲನೆಯ ಹಾಡನ್ನೇ. ಅದರ ಹೆಸರು ಒಂದು ವೇಳೆ: ಮುಂಜಾನೆ ಐದೂ ಕಾಲು ಗಂಟೆ. 1967ರ ಜನವರಿಯಲ್ಲಿ ಡರ್ಹಾಮ್ ಸೀಮೆಯ ಸೌತ್ ಹೆಟನ್ ಎಂಬ ಗಣಿ ಊರಿನಲ್ಲಿ ನಿಜವಾಗಿ ನಡೆದ ಕೊಲೆಯ ಕಥೆ. ಪಾಳಿ ಮುಗಿಸಿ ಹಿಮದಲ್ಲಿ ಮನೆಗೆ ಹೊರಟ ಗಣಿ ಕಾರ್ಮಿಕನಿಗೆ ದಾರಿಯಲ್ಲಿ ನಿಂತ ಕಾರೊಂದರಲ್ಲಿ ಹೆಣ ಕಾಣುತ್ತದೆ. ಸತ್ತವನು ಜೂಜಿನ ಯಂತ್ರಗಳ ಹಣ ವಸೂಲಿ ಮಾಡುತ್ತಿದ್ದವನು. ಹಾಡು ಕೊಲೆಗಾರರ ಬೆನ್ನು ಹತ್ತಿ ಹೋಗಬಹುದಾಗಿತ್ತು. ಹೋಗುವುದಿಲ್ಲ. ಆ ಥಳುಕಿನ ಲೋಕದಿಂದ ಸರಿದು ಭೂಮಿಯೊಳಗೆ ತಲೆಮಾರುಗಳಿಂದ ಬೆವರು ಸುರಿಸಿದ ಗಣಿಗಾರರ ಕಡೆಗೆ ಮೆಲ್ಲನೆ ತಿರುಗುತ್ತದೆ. ನಮ್ಮ ಊರಿನಲ್ಲೂ ಪಾಳಿಯ ಸೈರನ್ನಿಗೆ ಜನ ಎದ್ದು ಮಲಗುತ್ತಿದ್ದರು. ಕಲ್ಲಿನ ದೂಳು ಕುಡಿದು ಕೆಮ್ಮುವ ಅಜ್ಜಂದಿರು ನಿಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿದ್ದರು. ನಿಮ್ಮ ಕಥೆಗಳ ನಡುವೆ ಇಪ್ಪತ್ತು ವರ್ಷ ಇದ್ದೆ. ಕೂಗುತ್ತಿದ್ದವಳಿಗೆ ಅವು ಕೇಳಿಸಿರಲಿಲ್ಲ. ಎಲ್ಲಿಯೋ ಇಂಗ್ಲೆಂಡಿನ ಗಾಯಕರೊಬ್ಬರು ತಗ್ಗಿದ ದನಿಯಲ್ಲಿ ತಮ್ಮ ಸೀಮೆಯ ಗಣಿಗಾರರನ್ನು ನೆನೆದಾಗ, ನನಗೆ ನಮ್ಮ ಆ ಹುಡುಗನ ಮುಖ ಎದುರಿಗೆ ಬಂತು.

ಡಿಸೆಂಬರಿನಲ್ಲಿ ಮತ್ತೆ ಶಾಲೆಗೆ ಹೋದೆ. ಗಂಟುಗಳು ಕರಗುತ್ತ ಬಂದಿದ್ದವು. ಆದರೆ ತರಗತಿಗೆ ಕಾಲಿಟ್ಟೊಡನೆ ಹಳೆಯ ಅಭ್ಯಾಸ ಗಂಟಲಿಗೆ ಬಂದು ಕೂರುತ್ತಿತ್ತು. ಜನವರಿಯ ಹೊತ್ತಿಗೆ ದನಿ ಪುನಃ ಒಡೆಯತೊಡಗಿತು.

ಆಗ ತಮ್ಮನ ಮಗ ಫೋನ್ ಮಾಡಿ, ‘ಶಾಂಗ್ರಿ-ಲಾ’ ಹಾಡುಗಳ ಪ್ರವಾಸದಲ್ಲಿ ನಾಪ್‌ಫ್ಲರ್ ಬೆಂಗಳೂರಿಗೇ ಬರುತ್ತಿದ್ದಾರೆ, ಎರಡು ಟಿಕೀಟು ತೆಗೆದಿದ್ದೇನೆ ಎಂದ. ಅವರ ತಂಡ 2001ರ ಬಳಿಕ ಕೈಗೊಂಡ ಮೊದಲ ದೊಡ್ಡ ಪ್ರವಾಸವದು. 2005ರ ಮಾರ್ಚ್‌ನಲ್ಲಿ ಭಾರತದಲ್ಲಿ ಮುಂಬೈ ಮತ್ತು ಬೆಂಗಳೂರುಗಳಲ್ಲಿ ಕಾರ್ಯಕ್ರಮ. ಮುಂದೆ ಯುರೋಪಿಗೆ, ಬೇಸಗೆಯಲ್ಲಿ ಅಮೆರಿಕಕ್ಕೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾಗಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುವ ದಿನಗಳು. ಯಜಮಾನರು, "ಈ ವಯಸ್ಸಿಗೆ ಹುಡುಗರ ಜೊತೆ ಕುಣಿಯೋಕೆ ಹೊರಟ್ಯಾ?" ಎಂದರು. ಬಂಗಾರಪೇಟೆಯಿಂದ ರೈಲು ಹತ್ತಿದೆ.

ಅರಮನೆ ಮೈದಾನದಲ್ಲಿ ಸೀರೆಯುಟ್ಟ ನನ್ನ ವಯಸ್ಸಿನವರು ಹೆಚ್ಚಿಗೆ ಕಾಣಲಿಲ್ಲ. ಆದರೆ ನಡುವಯಸ್ಸಿನ ಗಂಡಸರು ಬಹಳ ಮಂದಿ, ಕಚೇರಿಯ ಅಂಗಿಯಲ್ಲೇ ಬಂದವರು. ಹಳೆಯ ಕ್ಯಾಸೆಟ್ಟುಗಳಲ್ಲಿ ಡೈರ್ ಸ್ಟ್ರೇಟ್ಸ್ ಕೇಳಿ ಬೆಳೆದವರಿರಬೇಕು. ವೇದಿಕೆಯ ಮೇಲೆ ಬಂದವರು ಐವತ್ತೈದರ, ತಲೆಗೂದಲು ತೆಳುವಾದ, ಸಾದಾ ಉಡುಪಿನ ಮನುಷ್ಯ. ಬ್ಯಾಂಕಿನ ನಿವೃತ್ತ ಮ್ಯಾನೇಜರರಂತೆ ಇದ್ದರು. ಕುಣಿತವಿಲ್ಲ, ಅಬ್ಬರದ ಮಾತಿಲ್ಲ. ಎರಡು ವರ್ಷದ ಹಿಂದೆ ಮುರಿದ ಹೆಗಲ ಮೇಲೆ ಗಿಟಾರಿನ ಪಟ್ಟಿ. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ಹಳೆಯ ಹಾಡುಗಳು ಬಂದಾಗ ಮೈದಾನವೇ ಎದ್ದು ಕೂಗಿತು. ‘ಸುಲ್ತಾನ್ಸ್ ಆಫ್ ಸ್ವಿಂಗ್’ಗೆ ತಮ್ಮನ ಮಗನೂ ಅತ್ತೆ ಪಕ್ಕದಲ್ಲಿದ್ದಾಳೆಂಬುದನ್ನು ಮರೆತು ಕುಣಿದ. ನಾನು ಮರೆಯದಿರುವುದು ಹೊಸ ಹಾಡುಗಳ ಸಮಯವನ್ನು. ಸನ್ನಿ ಲಿಸ್ಟನ್‌ನ ಹಾಡು ಆರಂಭವಾದಾಗ ನಮ್ಮ ಸುತ್ತಲಿನವರಿಗೆ ಅದರ ಪರಿಚಯವಿರಲಿಲ್ಲ. ಕೆಲವರು ತಿಂಡಿ ತರಲು ಹೊರಟರು, ಕೆಲವರು ಫೋನಿನಲ್ಲಿ ಮಾತಿಗಿಳಿದರು. ಹಿಂದಿನ ಬೆಂಚಿನ ಗಲಾಟೆ! ನನ್ನ ಗಂಟಲು ತಾನಾಗಿ ಬಿಗಿಯಿತು. ಈಗ ಇವರು ಏನು ಮಾಡುತ್ತಾರೆ, ಸದ್ದು ಏರಿಸುತ್ತಾರೋ, ಎಲ್ಲರಿಗೂ ಗೊತ್ತಿರುವ ಹಾಡಿಗೆ ಜಿಗಿಯುತ್ತಾರೋ ಎಂದು ನೋಡಿದೆ. ಏನೂ ಮಾಡಲಿಲ್ಲ. ಅದೇ ದನಿ, ಅದೇ ನಡೆ. ಹೇಳಬೇಕಾದ ಕಥೆಯನ್ನು ಅವಸರವಿಲ್ಲದೆ ಹೇಳುತ್ತ ಹೋದರು. ಹಾಡು ಮುಗಿಯುವ ಹೊತ್ತಿಗೆ ನಮ್ಮ ಸುತ್ತ ಮಾತು ನಿಂತಿತ್ತು. ನನ್ನ ಮುಂದಿದ್ದ ಒಬ್ಬರು ಹಿಂದಿರುಗಿ, ಮಾತಾಡುತ್ತಿದ್ದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಮುಂದೆ ‘ಬ್ರದರ್ಸ್ ಇನ್ ಆರ್ಮ್ಸ್’. ಫಾಕ್ಲೆಂಡ್ಸ್ ಯುದ್ಧದ ದಿನಗಳ ಹಿನ್ನೆಲೆಯಲ್ಲಿ ಹುಟ್ಟಿದ, ರಣರಂಗದಲ್ಲಿ ಸಾಯುತ್ತಿರುವ ಸೈನಿಕನ ಹಾಡು. ಗಿಟಾರಿನ ದನಿ ಇಳಿಯುತ್ತ ಇಳಿಯುತ್ತ ಎಳೆಯಾಯಿತು. ಅದು ಎಳೆಯಾದಷ್ಟೂ ಸಾವಿರಾರು ಜನರ ಆ ಬಯಲು ನಿಶ್ಶಬ್ದವಾಯಿತು. ಅತ್ತ ರಸ್ತೆಯ ವಾಹನಗಳ ಸದ್ದು ಕೇಳಿಸುವಷ್ಟು. ಇಪ್ಪತ್ತು ವರ್ಷ ಎಪ್ಪತ್ತು ಮಕ್ಕಳನ್ನು ಕೂಗಿ ಸುಮ್ಮನಾಗಿಸಿದ್ದವಳು ನಾನು. ನನ್ನ ತರಗತಿಯ ಮೌನ ಹೆದರಿಕೆಯದು. ಈ ಮೌನ ಕೇಳುವ ಆಸೆಯದು. ಎರಡಕ್ಕೂ ಇರುವ ಅಂತರವನ್ನು ನಾನು ತಿಳಿದದ್ದು ಅಂದು, ನಲವತ್ತಾರನೆಯ ವಯಸ್ಸಿನಲ್ಲಿ.

(ಅದೇ ವರ್ಷ ಏಪ್ರಿಲಿನಲ್ಲಿ, ಅದೇ ಅರಮನೆ ಮೈದಾನದಲ್ಲಿ ನಮ್ಮ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. ಅವರದು ತಾರಸ್ಥಾಯಿಯ ತುಂಬು ಕಂಠ. ಆಕಾಶಕ್ಕೇರುವ ದನಿಗೂ ಅದರದೇ ಸ್ಥಾನವಿದೆ. ಅಶ್ವತ್ಥರ ಅಭಿಮಾನಿಗಳು ನನ್ನ ಮೇಲೆ ಮುನಿಸಿಕೊಳ್ಳಬಾರದು! ಆದರೆ ಅವರು ಹಾಡುತ್ತಿದ್ದರು, ನಾನು ಕೂಗುತ್ತಿದ್ದೆ.)

ಆ ರಾತ್ರಿ ತಮ್ಮನ ಮಗನ ಬಾಡಿಗೆ ಕೋಣೆಯಲ್ಲಿ ಉಳಿದು, ನಸುಕಿನಲ್ಲಿ ರೈಲು ನಿಲ್ದಾಣಕ್ಕೆ ಬಂದೆ. ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯ ಸಾವಿರಾರು ಜನ ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಬಂದು ಹೋಗುತ್ತಾರೆಂಬುದು ನಿಮಗೆ ಗೊತ್ತು. ನಾನು ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಗ ಅತ್ತಲಿಂದ ಬಂದ ಗಾಡಿಯಿಂದ ಅವರು ಇಳಿದರು. ಬುತ್ತಿಯ ಚೀಲ, ನಿದ್ದೆಗಣ್ಣು, ಬಿರುಸಾದ ಹೆಜ್ಜೆ. ಕೆಲವು ಮುಖಗಳು ನನಗೆ ಗೊತ್ತಿದ್ದವು. ಇಬ್ಬರು ನಿಂತು ನಮಸ್ಕಾರ ಹೇಳಿದರು. ಹದಿನೆಂಟರ ಆಸುಪಾಸಿನ ಹುಡುಗರನ್ನು ಕಂಡಾಗಲೆಲ್ಲ ನಾನು ಇನ್ನೊಮ್ಮೆ ನೋಡಿದೆ. ಅವನು ಕಾಣಲಿಲ್ಲ. ಕಂಡಿದ್ದರೂ ಅಂದು ಏನು ಹೇಳುತ್ತಿದ್ದೆನೋ ತಿಳಿಯದು.

ಮರುದಿನದಿಂದಲೇ ಎಲ್ಲವೂ ಬದಲಾಯಿತೆಂದು ಬರೆದರೆ ಅದು ಸುಳ್ಳು. ಜೂನ್‌ನಲ್ಲಿ ಹೊಸ ವರ್ಷದ ಮೊದಲ ದಿನ ತಗ್ಗಿದ ದನಿಯಲ್ಲಿ ಪಾಠ ಆರಂಭಿಸಿದೆ. ಮೂರು ದಿನ ಒಂದು ಅಕ್ಷರವೂ ಯಾರಿಗೂ ತಲುಪಲಿಲ್ಲ. ತರಗತಿಯಲ್ಲಿ ಸಂತೆ ನೆರೆದಿತ್ತು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಇಣುಕಿ, "ಓ, ನೀವು ಇದ್ದೀರಾ? ಟೀಚರಿಲ್ಲದ ಕ್ಲಾಸು ಅಂದ್ಕೊಂಡೆ" ಎಂದು ಹೇಳಿ ಹೋದರು. ಅವಮಾನವಾಯಿತು. ಮನೆಗೆ ಬಂದು ಅತ್ತದ್ದೂ ಉಂಟು. ನಾಲ್ಕನೆಯ ದಿನ ಮೇಜಿನ ಬಳಿ ನಿಲ್ಲುವುದನ್ನು ಬಿಟ್ಟು ಬೆಂಚುಗಳ ನಡುವೆ ಹೋಗಿ ನಿಂತೆ. ಪಾಠವನ್ನು ಬದಿಗಿಟ್ಟು, ಸನ್ನಿ ಲಿಸ್ಟನ್‌ನ ಕಥೆಯನ್ನು ಕನ್ನಡದಲ್ಲಿ, ಮೆಲ್ಲಗೆ ಹೇಳತೊಡಗಿದೆ. ಅವನು ಸೆರೆಮನೆಗೆ ಹೋದ ಘಟ್ಟಕ್ಕೆ ಬರುವಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಹಿಂದೆ ತಿರುಗಿ, "ಲೋ, ಸುಮ್ನಿರ್ರೋ, ಕೇಳಿಸ್ತಿಲ್ಲ!" ಎಂದು ಗದರಿದಳು. ನಾನು ಗೆದ್ದೆ ಎಂದು ನನಗೆ ಗೊತ್ತಾದದ್ದು ಆಗ.

ಆಮೇಲೆ ಒಂದೊಂದೇ ರೂಢಿಯಾಯಿತು. ಗದ್ದಲವಾದರೆ ಮಾತು ನಿಲ್ಲಿಸಿ ಕಪ್ಪುಹಲಗೆಯ ಮೇಲೆ ಬರೆಯತೊಡಗುವುದು. ಮೆತ್ತಗೆ ಓದುವ ಮಗುವಿನ ಬಳಿಗೆ ನಾನೇ ಹೋಗಿ ನಿಲ್ಲುವುದು. ತಮ್ಮ ಮನೆಯ ಹಿರಿಯರೊಬ್ಬರ ಕೆಲಸದ ಬಗ್ಗೆ, ಆ ಹಿರಿಯರೇ ಮಾತಾಡಿದಂತೆ, ಹತ್ತು ಇಂಗ್ಲಿಷ್ ವಾಕ್ಯ ಬರೆದು ತರುವುದು. 2006ರ ನಂತರದವರಿಗೆ ಈ ಮನೆಕೆಲಸ ನೆನಪಿರಬೇಕು. ಅದು ನಾನು ‘ಶಾಂಗ್ರಿ-ಲಾ’ದಿಂದ ಕದ್ದದ್ದು! ವ್ಯಾಕರಣದ ತಪ್ಪುಗಳ ನಡುವೆ ನಿಮ್ಮ ಅಜ್ಜಂದಿರು ಗಣಿಗೆ ಇಳಿದರು, ಅಜ್ಜಿಯರು ಕಟ್ಟಿಗೆ ಹೊತ್ತರು, ಅಪ್ಪಂದಿರು ನಸುಕಿನ ರೈಲು ಹಿಡಿದರು. ಕೆಲವು ಹಾಳೆಗಳು ಇನ್ನೂ ನನ್ನ ಟ್ರಂಕಿನಲ್ಲಿವೆ.

ನಾಪ್‌ಫ್ಲರ್ ಅವರ ಮುಂದಿನ ಸಮಾಚಾರವನ್ನು ತಮ್ಮನ ಮಗ ಆಗಾಗ ತಿಳಿಸುತ್ತಿರುತ್ತಾನೆ. 2010ರ ಪ್ರವಾಸದಲ್ಲಿ ಬೆನ್ನಿನ ನರದ ತೊಂದರೆಯಿಂದ ನಿಲ್ಲಲಾಗದೆ ಕುಳಿತೇ ನುಡಿಸಿದರಂತೆ. 2019ರಲ್ಲಿ ದೊಡ್ಡ ಪ್ರವಾಸಗಳಿಗೆ ವಿದಾಯ ಹೇಳಿದರು. ಅದೇ ವರ್ಷ ನಾನೂ ನಿವೃತ್ತಳಾದೆ. 2024ರ ಜನವರಿಯಲ್ಲಿ ತಮ್ಮ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟು, ಬಂದ ಹಣದ ನಾಲ್ಕನೆಯ ಒಂದು ಭಾಗವನ್ನು ದಾನಕಾರ್ಯಗಳಿಗೆ ಕೊಟ್ಟರು. ಅದೇ ವರ್ಷದ ಏಪ್ರಿಲಿನಲ್ಲಿ, ತಮ್ಮ ಬಾಲ್ಯದ ಟೈನ್ ನದಿಯನ್ನು ನೆನೆದು ‘ಒನ್ ಡೀಪ್ ರಿವರ್’ ಎಂಬ ಸಂಕಲನ ತಂದರು. ಅದನ್ನು ಹೊತ್ತು ಊರೂರು ತಿರುಗುವ ಪ್ರವಾಸ ಮಾಡಲಿಲ್ಲ. ದನಿ ಇನ್ನಷ್ಟು ಇಳಿದಿದೆ. ನನಗೆ ಅದು ಈಗಲೂ ಚೆನ್ನಾಗಿಯೇ ಕೇಳಿಸುತ್ತದೆ.

1985ರಿಂದ 2004ರವರೆಗೆ ನನ್ನ ಬಳಿ ಓದಿದ ನಿಮಗೆಲ್ಲ ಒಂದು ಮಾತು. ಆ ದಿನ ವೇದಿಕೆಯ ಮೇಲೆ ನನ್ನ ಕೂಗನ್ನು ಅನುಕರಿಸಿದಾಗ ನೀವು ಪ್ರೀತಿಯಿಂದಲೇ ನಕ್ಕಿರಿ, ಗೊತ್ತು. "ನಿಮ್ಮ ಬೈಗುಳದಿಂದಲೇ ಉದ್ಧಾರವಾದೆವು ಮೇಡಂ" ಎಂದು ಕಾಲಿಗೆರಗಿದಿರಿ. ಅದು ನಿಮ್ಮ ದೊಡ್ಡತನ. ಉದ್ಧಾರವಾಗದೆ ಹೋದವರು ಆ ಸಭೆಗೆ ಬಂದಿರಲಿಲ್ಲ.

2001ರ ಒಂಬತ್ತನೆಯ ತರಗತಿಯವರಿಗೆ ನಾನು ಯಾರ ವಿಷಯ ಬರೆಯುತ್ತಿದ್ದೇನೆಂದು ತಿಳಿದಿರುತ್ತದೆ. ಹೆಸರು ಇಲ್ಲಿ ಹಾಕುವುದಿಲ್ಲ. ಅವನಿಗೆ ಈಗ ನಲವತ್ತರ ಹತ್ತಿರ ವಯಸ್ಸು, ಶಾಲೆಗೆ ಹೋಗುವ ಮಕ್ಕಳಿರಬಹುದು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಇದನ್ನು ಓದಿ ಹೇಳಿ. ಮೇಡಂ ತಪ್ಪೊಪ್ಪಿಕೊಂಡಿದ್ದಾರೆ ಎನ್ನಿ. ಬರಲು ಮನಸ್ಸಿದ್ದರೆ ಬರಲಿ, ಇಲ್ಲದಿದ್ದರೂ ನನಗೆ ಬೇಸರವಿಲ್ಲ. ಬಂದರೆ, ಅಂದು ನಿಲ್ಲಿಸಿದ ಪಾಠವನ್ನಾಗಲಿ ಅವನ ಬದುಕಿನ ಕಥೆಯನ್ನಾಗಲಿ, ಅವನಿಗೆ ಇಷ್ಟವಾದಷ್ಟು ಮೆಲ್ಲಗೆ ಹೇಳಲಿ. ಈಗ ನನ್ನ ಎಡಗಿವಿ ಸ್ವಲ್ಪ ಮಂದವಾಗಿದೆ. ಅವನ ಎಡಕ್ಕೆ ಕುರ್ಚಿ ಹಾಕಿಕೊಂಡು, ಬಲಗಿವಿಗೊಟ್ಟು ಕೇಳುತ್ತೇನೆ.